50 ಮೀಟರ್ ರೈಫಲ್‌ಗೆ ಯಾವ ಮ್ಯಾಚ್ ಗುಂಡು? ಹೆಸರು ನೋಡಬೇಡಿ, ಲಾಟ್ ನೋಡಿ

ರೇಂಜ್‌ನ ಹಿಂದಿನ ಬೆಂಚಿನ ಮೇಲೆ ಒಬ್ಬ ತಂದೆ ಕೂತಿದ್ದರು. ಕೈಯಲ್ಲಿ ನಾಲ್ಕಾಗಿ ಮಡಚಿದ ಚೀಟಿ. ಮಗಳು ಎರಡು ವರ್ಷ 10 ಮೀಟರ್ ಏರ್ ರೈಫಲ್ ಹೊಡೆದು ಈಗ .22ಕ್ಕೆ ಬಂದಿದ್ದಾಳೆ. "ಗುಂಡಿನ ಪಟ್ಟಿ ಕೊಡಿ ಅಂತ ಕೇಳಿದ್ದಾರೆ. ಟೆನೆಕ್ಸ್ ಬರೀಲಾ, ಎಸ್‌ಕೆ ಸಾಕಾ? ಬೆಲೆ ನೋಡಿದ್ರೆ ಸುಮಾರು ಮೂರು ಪಟ್ಟು ವ್ಯತ್ಯಾಸ ಇದೆ" ಅಂದರು. ಟೆನೆಕ್ಸ್ ಮೇಲಿನ ಮಟ್ಟದ ಗುಂಡು, ಎಸ್‌ಕೆ ಅಭ್ಯಾಸದ್ದು. ಚೀಟಿ ಬಿಡಿಸಿದರೆ ಒಂಬತ್ತು ಹೆಸರು. ಪ್ರತಿಯೊಂದರ ಪಕ್ಕದಲ್ಲೂ ಯಾರು ಯಾವುದನ್ನು ಹೊಗಳಿದರು ಅನ್ನುವ ಟಿಪ್ಪಣಿ.

ಈ ಪ್ರಶ್ನೆ ನನಗೆ ವರ್ಷಕ್ಕೆ ಹತ್ತಾರು ಸಲ ಬರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ) 451.4 ಅಂಕದೊಂದಿಗೆ ಕಂಚು ಗೆದ್ದ ಮೇಲಂತೂ ಇನ್ನೂ ಜಾಸ್ತಿ. ಏರ್ ರೈಫಲ್‌ನಲ್ಲಿ ಪೆಲೆಟ್ ಅಗ್ಗ, ತಪ್ಪು ಆಯ್ಕೆ ಮಾಡಿದರೂ ನಷ್ಟ ಕಡಿಮೆ. .22ರಲ್ಲಿ ಹಾಗಲ್ಲ. ಗುಂಡು ದುಬಾರಿ, ಪರ್ಮಿಟ್‌ನಲ್ಲಿ ಬರೆದಷ್ಟೇ ಸಿಗುವುದು, ಬರಲು ತಿಂಗಳುಗಟ್ಟಲೆ ಕಾಯಬೇಕು. ಒಮ್ಮೆ ತಪ್ಪಿದರೆ ಒಂದು ಸೀಸನ್ ಹೋದ ಹಾಗೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಲಾಟ್ ಅಂದರೆ ಒಂದೇ ಸಲ ತಯಾರಾದ, ಡಬ್ಬಿಯ ಮೇಲೆ ಒಂದೇ ನಂಬರ್ ಇರುವ ಗುಂಡಿನ ಕಂತು.

ಇಲ್ಲಿ ಹೇಳುವುದೆಲ್ಲ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವುದು) ಮತ್ತು ತ್ರೀ ಪೊಸಿಷನ್‌ಗೆ ಹೊಡೆಯುವ .22 ಲಾಂಗ್ ರೈಫಲ್ ಗುಂಡಿನ ಬಗ್ಗೆ. ಬಿಗ್ ಬೋರ್ (ದೊಡ್ಡ ನಳಿಗೆಯ ರೈಫಲ್) ಬೇರೆಯದೇ ಲೋಕ. ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವವರಿಗೂ ಈ ತಲೆನೋವು ಬೇಡ. ಕಾಯಿ ದೊಡ್ಡದು. ತಪ್ಪದೆ ಸಿಡಿಯುವ ಯಾವ ಗುಂಡಾದರೂ ಅಲ್ಲಿ ನಡೆಯುತ್ತದೆ, ಮಿಕ್ಕಿದ್ದು ಹೊಡೆಯುವವರ ಕಣ್ಣು, ಉಸಿರಿಗೆ ಬಿಟ್ಟದ್ದು.

ಮೊದಲು ಅಳತೆಗೋಲು

ಗುಂಡು ಆರಿಸಲು ಆರು ಅಳತೆ. ಮೊದಲನೆಯದು ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳು ಎಷ್ಟು ಹತ್ತಿರ ಹತ್ತಿರ ಬಿದ್ದವು ಅನ್ನುವುದು. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿ.ಮೀ. ಗುಂಡಿನ ತೂತು 5.6 ಮಿ.ಮೀ. ತೂತಿನ ಅಂಚು ಗೆರೆಗೆ ತಾಕಿದರೂ ಹತ್ತೇ. ಅಂದರೆ ತೂತಿನ ನಡುಭಾಗ ಟಾರ್ಗೆಟ್‌ನ ನಡುವಿನಿಂದ 8 ಮಿ.ಮೀ. ಒಳಗೆ ಇರಬೇಕು. ಒಂದು ಸುಲಭ ಅಳತೆ ಹೇಳ್ತೀನಿ. 2011ರಿಂದ ಬಂದ, ರೂಪಾಯಿ ಗುರುತಿರುವ ಒಂದು ರೂಪಾಯಿ ನಾಣ್ಯ ಇದೆಯಲ್ಲ, ಅದರ ಅಗಲ ಸುಮಾರು 22 ಮಿ.ಮೀ. ಹತ್ತು ಗುಂಡಿನ ಗ್ರೂಪ್ ಮೇಲೆ ಆ ನಾಣ್ಯ ಇಟ್ಟಾಗ ಎಲ್ಲ ತೂತೂ ಮುಚ್ಚಿಹೋದರೆ, ಸೈಟ್ (ಗುರಿ ನೋಡುವ ಸಾಧನ) ಸರಿಯಿದ್ದಲ್ಲಿ ಹೆಚ್ಚುಕಡಿಮೆ ಎಲ್ಲವೂ ಹತ್ತು. ನನ್ನ ಕಿಟ್‌ನಲ್ಲಿ ಇವತ್ತಿಗೂ ಆ ನಾಣ್ಯ ಒಂದು ಇದೆ. ಈಗ ಬರುವ 20 ಮಿ.ಮೀ. ನಾಣ್ಯ ಇದಕ್ಕೆ ಆಗುವುದಿಲ್ಲ, ಅದು ಇನ್ನೂ ಕಠಿಣ ಪರೀಕ್ಷೆ.

ದಶಮಾಂಶದ ಲೆಕ್ಕದಲ್ಲಿ ನಟ್ಟನಡುವೆ ಬಿದ್ದರೆ 10.9, ಅಲ್ಲಿಂದ ದೂರ ಹೋದ ಪ್ರತಿ 0.8 ಮಿ.ಮೀ.ಗೆ 0.1 ಅಂಕ ಹೋಗುತ್ತದೆ. ಈ 0.8 ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ವೇಗದ ಏಕರೂಪತೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಅಂತ ನನ್ನ ಅನುಭವ. ಮ್ಯಾಚ್ ಗುಂಡು ನಳಿಗೆಯಿಂದ ಹೊರಬರುವಾಗ ಸೆಕೆಂಡಿಗೆ 320ರಿಂದ 330 ಮೀಟರ್ ವೇಗ ಇರುತ್ತದೆ. 50 ಮೀಟರ್ ದಾಟಲು ಸುಮಾರು 0.16 ಸೆಕೆಂಡ್. ಅಷ್ಟರಲ್ಲಿ ಅದು ಹನ್ನೆರಡು ಸೆಂಟಿಮೀಟರ್‌ಗಿಂತ ಜಾಸ್ತಿ ಕೆಳಗಿಳಿದಿರುತ್ತದೆ. ಆ ಇಳಿತವನ್ನು ಸೈಟ್ ಸರಿದೂಗಿಸುತ್ತದೆ, ಅದು ಸರಿ. ಆದರೆ ಒಂದು ಗುಂಡು ಇನ್ನೊಂದಕ್ಕಿಂತ 10 ಮೀಟರ್ ನಿಧಾನವಾಗಿ ಹೊರಟರೆ? ಲೆಕ್ಕ ಹಾಕಿದರೆ ಸುಮಾರು 7 ಮಿ.ಮೀ. ಕೆಳಗೆ ಬೀಳುತ್ತದೆ. 10.9 ಆಗಬೇಕಿದ್ದದ್ದು 10.0ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಹೋಲ್ಡ್ (ರೈಫಲ್ ಅಲುಗದಂತೆ ಹಿಡಿಯುವುದು), ಟ್ರಿಗರ್, ಉಸಿರು ಎಲ್ಲ ಸರಿಯಿದ್ದೂ ಹೀಗಾಗುತ್ತದೆ. ದೂರ ಎರಡರಷ್ಟಾದರೆ ಈ ತಪ್ಪು ನಾಲ್ಕರಷ್ಟಾಗುತ್ತದೆ. 100 ಮೀಟರ್‌ನಲ್ಲಿ ಅದೇ ವ್ಯತ್ಯಾಸ 3 ಸೆಂಟಿಮೀಟರ್. .22ರಲ್ಲಿ ಇನ್ನೂ ದೂರ ಹೊಡೆಯುವ ಆಸೆ ಇರುವವರು ಬೇರೆಲ್ಲ ಬಿಟ್ಟು ಇದೊಂದನ್ನೇ ನೋಡಿದರೂ ಸಾಕು.

.22ರಲ್ಲಿ ವೇಗ ಯಾಕೆ ಏರುಪೇರಾಗುತ್ತದೆ ಅನ್ನುವುದನ್ನೂ ತಿಳಿದಿರಬೇಕು. ಇದು ರಿಮ್‌ಫೈರ್. ಸಿಡಿಯುವ ಮದ್ದು ಹಿತ್ತಾಳೆ ಚಿಪ್ಪಿನ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಅದು ಎಲ್ಲ ಕಡೆ ಸಮನಾಗಿ ಹರಡಬೇಕು, ಅಂಚಿನ ದಪ್ಪ ಒಂದೇ ಆಗಿರಬೇಕು, ಚಿಪ್ಪಿನೊಳಗಿನ ಚೂರೇ ಚೂರು ಪುಡಿಯ ತೂಕವೂ ಒಂದೇ ಆಗಿರಬೇಕು. ಸೆಂಟರ್‌ಫೈರ್‌ನವರು (ಸಿಡಿಯುವ ಮದ್ದು ಚಿಪ್ಪಿನ ತಳದ ನಡುವೆ ಇರುವ ಗುಂಡು ಹೊಡೆಯುವವರು) ಮನೆಯಲ್ಲೇ ಕೂತು ತೂಗಿ ತುಂಬಿಸಿಕೊಳ್ಳುತ್ತಾರೆ. ನಮಗೆ ಆ ದಾರಿ ಇಲ್ಲ. ಕಾರ್ಖಾನೆ ಕೊಟ್ಟದ್ದೇ ಗತಿ. ಅದಕ್ಕೇ ಆಯ್ಕೆಗೆ ಇಷ್ಟು ಮಹತ್ವ.

ಮೂರನೆಯದು ಗಾಳಿ. ಜೋರಾಗಿ ಹೋಗುವ ಗುಂಡನ್ನು ಗಾಳಿ ಕಡಿಮೆ ತಳ್ಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. .22ರಲ್ಲಿ ಅದು ಉಲ್ಟಾ. ಬೇಟೆಗೆ ಅಂತ ಬರುವ ಹೈ ವೆಲಾಸಿಟಿ ಗುಂಡು ಶಬ್ದಕ್ಕಿಂತ ವೇಗವಾಗಿ, ಸೆಕೆಂಡಿಗೆ 375 ಮೀಟರ್ ಆಸುಪಾಸಿನಲ್ಲಿ ಹೊರಡುತ್ತದೆ. 20 ಡಿಗ್ರಿಯಲ್ಲಿ ಶಬ್ದದ ವೇಗ 343 ಮೀಟರ್. ಆ ಗಡಿಯ ಹತ್ತಿರ ಗಾಳಿಯ ತಡೆ ಒಮ್ಮೆಲೇ ಏರುತ್ತದೆ, ಗುಂಡು ಬೇಗ ವೇಗ ಕಳೆದುಕೊಳ್ಳುತ್ತದೆ, ಅಡ್ಡಗಾಳಿ ಅದನ್ನು ಜಾಸ್ತಿ ಎಳೆಯುತ್ತದೆ. ಜೊತೆಗೆ ಗಡಿ ದಾಟುವಾಗ ಓಲಾಡುತ್ತದೆ. ಮ್ಯಾಚ್ ಗುಂಡುಗಳೆಲ್ಲ ಶಬ್ದಕ್ಕಿಂತ ನಿಧಾನವಾಗಿರುವುದು ಈ ಕಾರಣಕ್ಕೇ. ಹಾಗಂತ ಯಾವ ದುಬಾರಿ ಗುಂಡೂ ಗಾಳಿಯಿಂದ ತಪ್ಪಿಸಿಕೊಳ್ಳುವುದಿಲ್ಲ. ಸೆಕೆಂಡಿಗೆ 3 ಮೀಟರ್ ಅಡ್ಡಗಾಳಿ, ಅಂದರೆ ಎಲೆ ಚೆನ್ನಾಗಿ ಅಲ್ಲಾಡುವಷ್ಟು ಗಾಳಿ, 50 ಮೀಟರ್‌ನಲ್ಲಿ ಗುಂಡನ್ನು ಸುಮಾರು ಒಂದೂವರೆ ಸೆಂಟಿಮೀಟರ್ ಸರಿಸುತ್ತದೆ. ಸುಮಾರು ಎರಡು ರಿಂಗ್! ಅದನ್ನು ಓದುವುದನ್ನು ಕಲಿಯಬೇಕು, ಕೊಂಡುಕೊಳ್ಳಲು ಆಗುವುದಿಲ್ಲ.

ನಾಲ್ಕನೆಯದು ಸೆಕೆ. ಯೂರೋಪಿನವರು ಬರೆದದ್ದರಲ್ಲಿ ಇದರ ಬಗ್ಗೆ ಕಡಿಮೆ, ನಮಗೆ ಇದೇ ದೊಡ್ಡದು. ಸೀಸದ ಗುಂಡಿನ ಮೇಲೆ ಮೇಣದಂಥ ಜಿಡ್ಡು ಸವರಿರುತ್ತಾರೆ. ಅದು ನಳಿಗೆಯೊಳಗೆ ತೆಳುವಾಗಿ, ಒಂದೇ ಸಮ ಹರಡಿಕೊಳ್ಳಬೇಕು. ಏಪ್ರಿಲ್ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಡಬ್ಬಿ ಬಿಟ್ಟು ನೋಡಿ. ಜಿಡ್ಡು ಕರಗಿ ಒಂದು ಬದಿಗೆ ಇಳಿದಿರುತ್ತದೆ, ಡಬ್ಬಿಯ ಪ್ಲಾಸ್ಟಿಕ್ ಟ್ರೇಗೆ ಅಂಟಿರುತ್ತದೆ. ಒಂದೊಂದು ಗುಂಡಿನ ಮೇಲೂ ಒಂದೊಂದು ಪ್ರಮಾಣ ಉಳಿಯುತ್ತದೆ. ದುಡ್ಡು ಕೊಟ್ಟು ಕೊಂಡ ಏಕರೂಪತೆ ಒಂದೇ ಮಧ್ಯಾಹ್ನದಲ್ಲಿ ಹೋಯಿತು.

ಐದನೆಯದು ಅದೇ ಲಾಟ್ ಎಷ್ಟು ಸಿಗುತ್ತದೆ ಅನ್ನುವುದು. ಆರನೆಯದು ಬೆಲೆ. ಇವೆರಡೂ ಮುಂದೆ ಮತ್ತೆ ಮತ್ತೆ ಬರುತ್ತವೆ.

ನಿಮ್ಮ ಹೋಲ್ಡ್ ಎಷ್ಟು ಅನ್ನುವುದನ್ನು ಒಪ್ಪಿಕೊಳ್ಳಿ

ಆಯ್ಕೆಗೆ ಹೋಗುವ ಮೊದಲು ಒಂದು ಲೆಕ್ಕ. ಇದನ್ನು ಆ ತಂದೆಗೆ ಚೀಟಿಯ ಹಿಂಬದಿಯಲ್ಲೇ ಬರೆದು ತೋರಿಸಿದೆ.

ಟಾರ್ಗೆಟ್ ಮೇಲೆ ಕಾಣುವ ಹರಡುವಿಕೆಯಲ್ಲಿ ಎರಡು ಪಾಲು. ಒಂದು ನಿಮ್ಮದು, ಒಂದು ಗುಂಡಿನದು. ಇವೆರಡು ಸುಮ್ನೆ ಕೂಡುವುದಿಲ್ಲ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಹಾಗೆ, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. ಹೊಸಬರ ಹೋಲ್ಡ್ ಒಂದೇ 30 ಮಿ.ಮೀ. ಹರಡುತ್ತದೆ ಅಂತಿಟ್ಟುಕೊಳ್ಳಿ. ಸಾಧಾರಣ ಮ್ಯಾಚ್ ಗುಂಡು 16 ಮಿ.ಮೀ. ಹರಡಿದರೆ ಒಟ್ಟು 34. ಅದರ ಬದಲು 10 ಮಿ.ಮೀ. ಹರಡುವ ಅತ್ಯುತ್ತಮ ಗುಂಡು ಹಾಕಿದರೆ ಒಟ್ಟು 31.6. ಮೂರು ಪಟ್ಟು ದುಡ್ಡಿಗೆ ಸಿಕ್ಕಿದ್ದು 2.4 ಮಿ.ಮೀ.

ಈಗ ಹೋಲ್ಡ್ 12 ಮಿ.ಮೀ.ಗೆ ಬಂದಿರುವ ಶೂಟರ್ ತೆಗೆದುಕೊಳ್ಳಿ. 16ರ ಗುಂಡಿನಲ್ಲಿ ಒಟ್ಟು 20. 10 ಮಿ.ಮೀ. ಹರಡುವ ಗುಂಡಿನಲ್ಲಿ 15.6. ಅಂದರೆ ಎಲ್ಲ ಹತ್ತು ಬೀಳುವಷ್ಟು ಜಾಗದ ಹೊರಗಿದ್ದವರು ಒಳಗೆ ಬಂದರು. ಇವರಿಗೆ ಅದೇ ದುಡ್ಡು ಫೈನಲ್‌ಗೂ ಮನೆಗೂ ನಡುವಿನ ವ್ಯತ್ಯಾಸ.

ಮಗಳ ಪ್ರೋನ್ ಸರಾಸರಿ ಇನ್ನೂ ಹತ್ತರ ಕೆಳಗಿದೆ ಅಂದರು. ಹಾಗಿದ್ದರೆ ಈ ವರ್ಷ ಟೆನೆಕ್ಸ್ ಬೇಡ. ಆ ದುಡ್ಡಿನಲ್ಲಿ ಎರಡು ಸಾವಿರ ಗುಂಡು ಜಾಸ್ತಿ ಹೊಡೆಯಲಿ.

ಅಭ್ಯಾಸದ ಮಟ್ಟ: ಎಸ್‌ಕೆ ಮತ್ತು ಜೊತೆಗಾರರು

ಜರ್ಮನಿಯ ಷೋನೆಬೆಕ್ ಅನ್ನುವ ಊರಿನ ಹೆಸರಿನಿಂದಲೇ ಎಸ್‌ಕೆ ಬಂದದ್ದು. ಲಾಪುವಾ ಫಿನ್‌ಲೆಂಡಿನ ಹೆಸರಾದರೂ ಅದರ .22 ಗುಂಡು ತಯಾರಾಗುವುದೂ ಇದೇ ಷೋನೆಬೆಕ್ ಕಾರ್ಖಾನೆಯಲ್ಲೇ. ಇದು ಗೊತ್ತಾದಾಗ ಎಸ್‌ಕೆ ಬಗ್ಗೆ ಇರುವ ಕೀಳರಿಮೆ ಹೋಗುತ್ತದೆ.

ಎಸ್‌ಕೆಯ ಸ್ಟ್ಯಾಂಡರ್ಡ್ ಪ್ಲಸ್ ನನ್ನ ಪ್ರಕಾರ ಹೊಸಬರಿಗೆ ಸರಿಯಾದ ಗುಂಡು. ಸಿಡಿಯದೆ ಉಳಿಯುವುದು ಅಪರೂಪ, ರೈಫಲ್ ಹೆಚ್ಚು ಕೊಳೆಯುವುದಿಲ್ಲ. ಹತ್ತರಲ್ಲಿ ಎಂಟು ಒಂಬತ್ತು ಗುಂಡು ಚೆನ್ನಾಗಿ ಕೂರುತ್ತವೆ. ತೊಂದರೆ ಉಳಿದ ಒಂದೆರಡರಲ್ಲಿ. ಕಾರಣವೇ ಇಲ್ಲದೆ ಒಂದು ಗುಂಡು ಆರು ಗಂಟೆಯ ದಿಕ್ಕಿನಲ್ಲಿ ಒಂಬತ್ತಕ್ಕೆ ಇಳಿಯುತ್ತದೆ. ಕಲಿಯುವವರಿಗೆ ಇದರಿಂದ ಒಂದು ಅಪಾಯ ಇದೆ. ತಪ್ಪು ನನ್ನದಾ, ಗುಂಡಿನದಾ ಅಂತ ಗೊತ್ತಾಗುವುದಿಲ್ಲ. ಗುಂಡಿನ ಮೇಲೆ ಹಾಕುವ ಚಾಳಿ ಬಿದ್ದರೆ ಬಿಡಿಸುವುದು ಕಷ್ಟ. ಅದಕ್ಕೆ ನಾನು ಹೇಳುವುದು, ಗುಂಡು ಹೊಡೆದ ಕೂಡಲೇ, ಮಾನಿಟರ್ ನೋಡುವ ಮೊದಲೇ, ಎಲ್ಲಿ ಬಿತ್ತು ಅಂತ ಬಾಯಲ್ಲಿ ಹೇಳಿ. ಹೇಳಿದ ಜಾಗಕ್ಕೂ ಬಿದ್ದ ಜಾಗಕ್ಕೂ ಹೊಂದದೆ ಇದ್ದದ್ದನ್ನು ಮಾತ್ರ ಗುಂಡಿನ ಖಾತೆಗೆ ಬರೆಯಿರಿ.

ಎಸ್‌ಕೆ ರೈಫಲ್ ಮ್ಯಾಚ್ ಒಂದು ಮೆಟ್ಟಿಲು ಮೇಲೆ. ಆದರೆ ನನಗೆ ಯಾವಾಗಲೂ ಇದು ನಡುವಿನ ಕೂಸು ಅನ್ನಿಸಿದೆ. ಕೆಲವು ಬ್ಯಾರೆಲ್‌ಗಳಲ್ಲಿ ಸ್ಟ್ಯಾಂಡರ್ಡ್ ಪ್ಲಸ್‌ಗೂ ಇದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಆರ್‌ಡಬ್ಲ್ಯೂಎಸ್ ಕಂಪನಿಯ ರೈಫಲ್ ಮ್ಯಾಚ್, ಟಾರ್ಗೆಟ್ ರೈಫಲ್, ಈಲಿ ಕಂಪನಿಯ ಕ್ಲಬ್, ಸ್ಪೋರ್ಟ್ ಇವೂ ಇದೇ ಸಾಲಿನವು. ಇವುಗಳಲ್ಲಿ ಯಾವುದು ನಿಮ್ಮ ಕ್ಲಬ್‌ಗೆ ವರ್ಷವಿಡೀ ಬರುತ್ತದೋ ಅದನ್ನೇ ತೆಗೆದುಕೊಳ್ಳಿ. ಈ ಮಟ್ಟದಲ್ಲಿ ನಿರಂತರವಾಗಿ ಸಿಗುವುದೇ ದೊಡ್ಡ ಗುಣ.

ಎಸ್‌ಕೆಯ ಜಿಡ್ಡು ಸ್ವಲ್ಪ ಮೆತ್ತಗೆ. ನಮ್ಮ ಬೇಸಿಗೆಯಲ್ಲಿ ಬೆರಳೆಲ್ಲ ಜಾರುತ್ತದೆ. ಒಂದು ಹತ್ತಿ ಬಟ್ಟೆ ಪಕ್ಕದಲ್ಲಿರಲಿ. ಬೆರಳು ಒರೆಸಿಕೊಳ್ಳಲು ಅಷ್ಟೇ, ಗುಂಡನ್ನು ಮಾತ್ರ ಒರೆಸಬೇಡಿ!

ನಡುವಿನ ಮಟ್ಟ: ಸೆಂಟರ್-ಎಕ್ಸ್ ಯಾಕೆ ನನಗೆ ಇಷ್ಟ

ಲಾಪುವಾದಲ್ಲಿ ಎಕ್ಸ್-ಆಕ್ಟ್, ಮೈಡಾಸ್ ಪ್ಲಸ್, ಸೆಂಟರ್-ಎಕ್ಸ್ ಅಂತ ಮೂರು ಮೆಟ್ಟಿಲು. ಮೂರಕ್ಕೂ ಸಾಮಗ್ರಿ ಒಂದೇ. ಪರೀಕ್ಷೆಯಲ್ಲಿ ಎಷ್ಟು ಬಿಗಿಯಾಗಿ ಕೂತಿತು ಅನ್ನುವುದರ ಮೇಲೆ ಲಾಟ್‌ಗೆ ಹೆಸರು ಬೀಳುತ್ತದೆ. ಇದರಲ್ಲಿ ಕೊಳ್ಳುವವರಿಗೆ ಒಂದು ಅವಕಾಶ ಅಡಗಿದೆ. ಕಾರ್ಖಾನೆಯ ಪರೀಕ್ಷೆಯ ಬ್ಯಾರೆಲ್ ಬೇರೆ, ನಿಮ್ಮದು ಬೇರೆ. ಅಲ್ಲಿ ಮೂರನೇ ಸ್ಥಾನಕ್ಕೆ ಬಂದ ಲಾಟ್ ನಿಮ್ಮ ಬ್ಯಾರೆಲ್‌ಗೆ ಮೊದಲನೆಯದಾಗಬಹುದು. ನಾನು ನೋಡಿದ ಒಂದು ಹಳೆಯ ಆನ್‌ಶುಟ್ಜ್ ರೈಫಲ್ ಸೆಂಟರ್-ಎಕ್ಸ್‌ನ ಒಂದು ಲಾಟ್‌ಗೆ ಎಷ್ಟು ಒಗ್ಗಿತ್ತು ಅಂದರೆ, ಪಕ್ಕದಲ್ಲಿಟ್ಟ ಮೈಡಾಸ್ ಅದರ ಮುಂದೆ ಮಂಕಾಗಿ ಕಂಡಿತ್ತು. ನಾಣ್ಯ ಇಟ್ಟು ನೋಡಿದೆವು. ಸೆಂಟರ್-ಎಕ್ಸ್‌ನ ಹತ್ತೂ ತೂತು ನಾಣ್ಯದಡಿ ಮರೆಯಾದವು. ಮೈಡಾಸ್‌ನದು ಎರಡು ತೂತು ಹೊರಗಡೆ ಇಣುಕುತ್ತಿದ್ದವು. ಅದೇ ಮೈಡಾಸ್ ಲಾಟ್ ಇನ್ನೊಬ್ಬರ ರೈಫಲ್‌ನಲ್ಲಿ ಚಿನ್ನದಂತೆ ನಡೆಯಿತು.

ಬೆಲೆಯಲ್ಲಿ ಇದು ಅಭ್ಯಾಸದ ಗುಂಡಿನ ಎರಡರಷ್ಟರ ಆಸುಪಾಸು. ಜಿಲ್ಲೆ, ರಾಜ್ಯ ಮಟ್ಟದಲ್ಲಿ ಹೊಡೆಯುವವರಿಗೆ, ಪ್ರೋನ್‌ನಲ್ಲಿ ಹತ್ತರ ಮೇಲೆ ಸರಾಸರಿ ಹಿಡಿಯಲು ಶುರುಮಾಡಿದವರಿಗೆ, ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸಿಗುವುದು ಈ ಮಟ್ಟದಲ್ಲೇ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಈಲಿ ಮ್ಯಾಚ್, ಈಲಿ ಟೀಮ್, ಆರ್‌ಡಬ್ಲ್ಯೂಎಸ್‌ನ ಸ್ಪೆಷಲ್ ಮ್ಯಾಚ್ ಇವನ್ನೂ ಇದೇ ಗುಂಪಿನಲ್ಲಿ ಇಟ್ಟು ಪರೀಕ್ಷಿಸಿ.

ಮೇಲಿನ ಮಟ್ಟ: ಟೆನೆಕ್ಸ್, ಮೈಡಾಸ್ ಪ್ಲಸ್, ಎಕ್ಸ್-ಆಕ್ಟ್, ಆರ್ 50

ಈಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯದು, 1828ರಿಂದ ಇದೆ. ಅದರ ಟೆನೆಕ್ಸ್ ಗುಂಡಿನ ಮೂತಿ ಚಪ್ಪಟೆ, ಲಾಪುವಾದ್ದು ದುಂಡಗೆ. ಚಪ್ಪಟೆ ಮೂತಿ ಒಂದೊಂದೇ ಗುಂಡು ಕೈಯಲ್ಲಿ ಹಾಕುವ ಮ್ಯಾಚ್ ರೈಫಲ್‌ನಲ್ಲಿ ತೊಂದರೆ ಕೊಡುವುದಿಲ್ಲ. ಈಲಿಯಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ, ಡಬ್ಬಿಯ ಮೇಲೆ ಲಾಟ್ ನಂಬರ್ ಜೊತೆಗೆ ಆ ಲಾಟ್‌ನ ವೇಗವೂ ಇರುತ್ತದೆ, ಸೆಕೆಂಡಿಗೆ ಇಷ್ಟು ಅಡಿ ಅಂತ. ಒಂದು ಬ್ಯಾರೆಲ್ ಯಾವ ವೇಗವನ್ನು ಇಷ್ಟಪಡುತ್ತದೆ ಅನ್ನುವುದು ಎರಡು ಮೂರು ವರ್ಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಹೊಸ ಲಾಟ್ ಹುಡುಕುವಾಗ ಆ ಸಂಖ್ಯೆಯ ಹತ್ತಿರದಿಂದ ಶುರುಮಾಡಬಹುದು.

ಆರ್‌ಡಬ್ಲ್ಯೂಎಸ್ ಜರ್ಮನಿಯ ಫ್ಯೂರ್ತ್‌ನದು. ಆರ್ 50 ಅದರ ಹೆಸರುವಾಸಿ ಗುಂಡು, ಆರ್ 100 ಸ್ವಲ್ಪ ವೇಗದ್ದು. ನಮ್ಮ ಕಡೆ ಈಲಿ, ಲಾಪುವಾದಷ್ಟು ಇದನ್ನು ಯಾರೂ ಪರೀಕ್ಷಿಸುವುದಿಲ್ಲ. ಅದು ತಪ್ಪು ಅಂತ ನನ್ನ ಅಭಿಪ್ರಾಯ. ಒಂದು ಡಬ್ಬಿಯಾದರೂ ಸೇರಿಸಿಕೊಳ್ಳಿ.

ಈ ನಾಲ್ಕರಲ್ಲಿ ಯಾವುದು ಶ್ರೇಷ್ಠ ಅಂತ ಕೇಳಿದರೆ ಉತ್ತರ ಇಲ್ಲ. ಇರುವುದು ಒಳ್ಳೆಯ ಲಾಟ್ ಮತ್ತು ನಿಮ್ಮ ಬ್ಯಾರೆಲ್‌ಗೆ ಒಗ್ಗದ ಲಾಟ್ ಅಷ್ಟೇ. ಪರೀಕ್ಷಿಸದ ಎಕ್ಸ್-ಆಕ್ಟ್‌ಗಿಂತ ಪರೀಕ್ಷಿಸಿದ ಸೆಂಟರ್-ಎಕ್ಸ್ ನೂರು ಪಾಲು ಮೇಲು. ಪರೀಕ್ಷಿಸುವ ಅವಕಾಶವೇ ಇಲ್ಲ, ಬಂದದ್ದನ್ನು ತೆಗೆದುಕೊಳ್ಳಬೇಕು ಅನ್ನುವ ಪರಿಸ್ಥಿತಿ ಇದ್ದರೆ ಈ ಮಟ್ಟಕ್ಕೆ ದುಡ್ಡು ಹಾಕಬೇಡಿ. ಮೇಲಿನ ಮಟ್ಟದಲ್ಲಿ ನೀವು ಕೊಡುವ ದುಡ್ಡಿನ ಅರ್ಧ ಫಲ ಲಾಟ್ ಆರಿಸುವ ಸ್ವಾತಂತ್ರ್ಯದಲ್ಲಿದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಈ ವಿಷಯದಲ್ಲಿ ಅನುಕೂಲ ಜಾಸ್ತಿ. ಅರಿಜೋನಾದ ಮೆಸಾದಲ್ಲಿ ಲಾಪುವಾದ ಪರೀಕ್ಷಾ ಕೇಂದ್ರ ಇದೆ. ನಿಮ್ಮದೇ ರೈಫಲ್ ಹಿಡಿಸಿ, ಹಲವು ಲಾಟ್ ಹೊಡೆಸಿ, ಒಗ್ಗಿದ್ದನ್ನು ಅಲ್ಲೇ ಕಾಯ್ದಿರಿಸಬಹುದು. ಅಲ್ಲಿ .22ನ್ನು 200 ಮೀಟರ್ ಆಚೆಗೂ ಹೊಡೆಯುವ ಸ್ಪರ್ಧೆಗಳು ಜನಪ್ರಿಯ. ಅದಕ್ಕೆಂದೇ ಎಸ್‌ಕೆ ಮತ್ತು ಲಾಪುವಾದಲ್ಲಿ ಲಾಂಗ್ ರೇಂಜ್ ಅನ್ನುವ ಹೆಸರಿನ, ಸ್ವಲ್ಪ ವೇಗದ, ಆದರೂ ಶಬ್ದದ ಗಡಿಯ ಒಳಗೇ ಇರುವ ಗುಂಡು ಬರುತ್ತದೆ. 50 ಮೀಟರ್‌ನವರಿಗೆ ಅದರ ಅಗತ್ಯ ಇಲ್ಲ.

ಪರೀಕ್ಷೆ ಮಾಡುವ ಬಗೆ

ಐದು ಗುಂಡು ಹೊಡೆದು ತೀರ್ಮಾನಿಸಬೇಡಿ. ಐದು ಗುಂಡು ಒಂದೇ ತೂತಿಗೆ ಹೋಗುವುದು ಅದೃಷ್ಟಕ್ಕೂ ಆಗುತ್ತದೆ. ಆ ಕಾಗದವನ್ನು ಜನ ಜೇಬಲ್ಲಿಟ್ಟುಕೊಂಡು ವರ್ಷಗಟ್ಟಲೆ ತೋರಿಸುತ್ತಾರೆ. ನನಗೆ ಬೇಕಾದದ್ದು ಒಂದೊಂದು ಲಾಟ್‌ಗೆ ಹತ್ತು ಹತ್ತು ಗುಂಡಿನ ನಾಲ್ಕು ಗ್ರೂಪ್. ಒಂದು ಡಬ್ಬಿಯಲ್ಲಿ 50 ಇರುತ್ತದೆ. ನಲವತ್ತು ಲೆಕ್ಕಕ್ಕೆ, ಹತ್ತು ಬ್ಯಾರೆಲ್ ಒಗ್ಗಿಸಲು.

ಈ ಒಗ್ಗಿಸುವುದನ್ನು ಬಿಡಲೇಬೇಡಿ. ಒಂದು ಕಂಪನಿಯ ಜಿಡ್ಡು ನಳಿಗೆಯಲ್ಲಿ ಇರುವಾಗ ಇನ್ನೊಂದರದು ಹಾಕಿದರೆ ಮೊದಲ ಹತ್ತು ಹದಿನೈದು ಗುಂಡು ಎಲ್ಲೆಲ್ಲೋ ಹೋಗುತ್ತವೆ. ಕಂಪನಿ ಬದಲಾದಾಗ ಬ್ಯಾರೆಲ್ ಒರೆಸಿ, ಹತ್ತು ಗುಂಡು ಸುಮ್ಮನೆ ಹೊಡೆದು, ಆಮೇಲೆ ಲೆಕ್ಕ ಶುರುಮಾಡಿ. ಒಂದೇ ಡಬ್ಬಿ ಇದ್ದಾಗ ಅದರಲ್ಲೇ ಹತ್ತು ಹೋಗುತ್ತದೆ ಅಂತ ಸಂಕಟವಾಗುತ್ತದೆ, ನಿಜ. ಆದರೆ ಅದನ್ನು ಉಳಿಸಿದರೆ ಉಳಿದ ನಲವತ್ತರ ಸಾಕ್ಷಿಯೂ ಸುಳ್ಳಾಗುತ್ತದೆ.

ಬೆಳಗ್ಗೆ ಗಾಳಿ ಏಳುವ ಮೊದಲು ಮಾಡಿ. ರೈಫಲ್‌ನ್ನು ಮುಂದೆ ಹಿಂದೆ ಮರಳಿನ ಚೀಲದ ಮೇಲೆ ಇಡಿ. ಕ್ಲಬ್‌ನಲ್ಲಿ ವೈಸ್ (ರೈಫಲ್ ಬಿಗಿದು ಹಿಡಿಯುವ ಉಪಕರಣ) ಇದ್ದರೆ ಇನ್ನೂ ಒಳ್ಳೆಯದು. ಎಲ್ಲ ಲಾಟ್‌ಗಳ ಎಲ್ಲ ಗ್ರೂಪ್ ಕಾಗದವನ್ನೂ ಸಾಲಾಗಿ ಹರಡಿ ನೋಡಿ. ಹೋಲಿಸಬೇಕಾದದ್ದು ಪ್ರತಿ ಲಾಟ್‌ನ ಅತಿ ಕೆಟ್ಟ ಗ್ರೂಪ್‌ಗಳನ್ನು. ಮ್ಯಾಚ್‌ನಲ್ಲಿ ನಿಮ್ಮನ್ನು ಕೆಳಗಿಳಿಸುವುದು ಅವೇ. ಗ್ರೂಪ್ ಅಡ್ಡ ಹರಡಿದ್ದರೆ ಗಾಳಿಯನ್ನು ಅನುಮಾನಿಸಿ, ಇನ್ನೊಂದು ದಿನ ಮತ್ತೆ ಹೊಡೆಯಿರಿ. ಉದ್ದಕ್ಕೆ ಮೇಲೆ ಕೆಳಗೆ ಹರಡಿದ್ದರೆ ಅದು ವೇಗದ ಏರುಪೇರು, ಆ ಲಾಟ್ ಬಿಟ್ಟುಬಿಡಿ.

ಕೆಲವರು ಅಗ್ಗದ ಗುಂಡು ತಂದು ಒಂದೊಂದನ್ನೂ ತೂಗಿ, ಅಂಚಿನ ದಪ್ಪ ಅಳೆದು, ವಿಂಗಡಿಸಿ ಮ್ಯಾಚ್ ಗುಂಡು ಮಾಡಿಕೊಳ್ಳಲು ನೋಡುತ್ತಾರೆ. ಒಂದು ಮಳೆಗಾಲ ಪೂರ್ತಿ ನಾನೂ ಮಾಡಿದ್ದೇನೆ. ಆ ಗಂಟೆಗಳನ್ನು ಡ್ರೈ ಫೈರಿಂಗ್‌ಗೆ (ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ) ಕೊಟ್ಟಿದ್ದರೆ ಅಂಕ ಏರುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಲಾಟ್ ಮುಗಿದ ದಿನ

ಲಾಟ್‌ಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಒಂದು ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ರಾಜ್ಯ ಮಟ್ಟದ ಪ್ರೋನ್ ಮ್ಯಾಚ್. ನಲವತ್ತು ಗುಂಡಿನವರೆಗೂ ಜೀವಮಾನದ ಅತ್ಯುತ್ತಮ ಸ್ಕೋರ್ ಕಡೆ ಹೋಗುತ್ತಿದ್ದೆ. ಡಬ್ಬಿ ಖಾಲಿಯಾಯಿತು. ಕಿಟ್‌ನಿಂದ ಇನ್ನೊಂದು ತೆಗೆದೆ. ಅದೇ ಬಣ್ಣ, ಅದೇ ಹೆಸರು. ಮೊದಲ ಗುಂಡು 9.8, ಸರಿಯಾಗಿ ಕೆಳಗೆ. ನನ್ನದೇ ತಪ್ಪು ಅಂದುಕೊಂಡೆ. ಎರಡನೆಯದು 9.9, ಅದೇ ಜಾಗ. ಮೂರನೆಯದೂ ಅಲ್ಲೇ. ಆಗ ಡಬ್ಬಿ ತಿರುಗಿಸಿ ನೋಡಿದೆ. ಲಾಟ್ ನಂಬರ್ ಬೇರೆ. ಸೈಟ್ ಎರಡು ಕ್ಲಿಕ್ ಮೇಲೆತ್ತಿ ಮುಗಿಸಿದೆ. ಅಷ್ಟರಲ್ಲಿ ಹೋದ ಅಂಕ, ಹೋದ ಧೈರ್ಯ ಎರಡೂ ವಾಪಸ್ ಬರಲಿಲ್ಲ.

ಅಂದಿನಿಂದ ನನ್ನ ನಿಯಮ, ಒಗ್ಗುವ ಲಾಟ್ ಸಿಕ್ಕಿದರೆ ಆ ಸೀಸನ್‌ಗೆ ಬೇಕಾದಷ್ಟನ್ನು ಒಟ್ಟಿಗೇ ತೆಗೆದುಕೊಳ್ಳುವುದು. ಪರ್ಮಿಟ್ ಎಷ್ಟು ಬಿಡುತ್ತದೋ ಅಷ್ಟರೊಳಗೆ. ಒಂದು ಮ್ಯಾಚ್‌ಗೆ 60, ಸೈಟರ್ (ಲೆಕ್ಕಕ್ಕೆ ಬರದ, ಸೈಟ್ ಸರಿಮಾಡಲು ಹೊಡೆಯುವ ಗುಂಡು) ಸೇರಿ ನೂರರ ಹತ್ತಿರ. ವರ್ಷಕ್ಕೆ ಹತ್ತು ಮ್ಯಾಚ್ ಅಂದರೆ ಸಾವಿರ, ಜೊತೆಗೆ ಪ್ರತಿ ಮ್ಯಾಚ್‌ನ ಮುಂಚಿನ ವಾರದ ಅಭ್ಯಾಸಕ್ಕೆ ಇನ್ನೊಂದು ಸಾವಿರ. ಡಬ್ಬಿಯ ಮುಚ್ಚಳದ ಮೇಲೆ ಲಾಟ್‌ನ ಕೊನೆಯ ಅಂಕೆಗಳನ್ನು ಮಾರ್ಕರ್‌ನಲ್ಲಿ ದಪ್ಪಗೆ ಬರೆಯುತ್ತೇನೆ. ಮಲಗಿದಲ್ಲಿಂದಲೇ ಕಾಣಬೇಕು.

ನಮ್ಮಲ್ಲಿ ರಿನೌನ್ಡ್ ಶಾಟ್ ಅರ್ಹತೆ (ಸ್ಪರ್ಧೆಯ ಸಾಧನೆಯಿಂದ ಸಿಗುವ ಮಾನ್ಯತೆ) ಇದ್ದವರು ಆಮದಿಗೆ ಅರ್ಜಿ ಹಾಕಬಹುದು. ಉಳಿದವರು ಕ್ಲಬ್ ಅಥವಾ ಸಂಘದ ಮೂಲಕವೇ ಹೋಗಬೇಕು. ಎರಡನೆಯ ಗುಂಪಿನವರಿಗೆ ನನ್ನ ಸಲಹೆ, ನಾಲ್ಕೈದು ಜನ ಒಟ್ಟಾಗಿ. ಬಂದ ಲಾಟ್‌ಗಳಲ್ಲಿ ಒಂದೊಂದು ಡಬ್ಬಿಯನ್ನು ಕ್ಲಬ್‌ನಲ್ಲೇ, ಕ್ಲಬ್‌ನವರ ಎದುರೇ, ಎಲ್ಲರ ರೈಫಲ್‌ನಲ್ಲೂ ಹೊಡೆದು ನೋಡಿ. ನಿಮ್ಮ ರೈಫಲ್‌ಗೆ ಆಗದ್ದು ಪಕ್ಕದವರಿಗೆ ಆಗಬಹುದು. ಹಂಚಿಕೆಯೆಲ್ಲ ಕ್ಲಬ್‌ನ ರಿಜಿಸ್ಟರ್ ಮೂಲಕವೇ ಆಗಲಿ, ಕೈಯಿಂದ ಕೈಗೆ ಬೇಡ. ಲೈಸೆನ್ಸ್‌ನ ಲೆಕ್ಕದಲ್ಲಿ ಒಂದು ಗುಂಡೂ ಆಚೀಚೆ ಆಗಬಾರದು.

ಮನೆಯಲ್ಲಿ ಇಡುವಾಗ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಬೀಗ ಹಾಕಿದ ಕಬ್ಬಿಣದ ಕಪಾಟು. ಮಂಗಳೂರು, ಉಡುಪಿ ಕಡೆಯವರಿಗೆ ಇದು ಇನ್ನೂ ಮುಖ್ಯ, ಅಲ್ಲಿನ ತೇವಕ್ಕೆ ಹಿತ್ತಾಳೆ ಬೇಗ ಕಪ್ಪಾಗುತ್ತದೆ. ರೇಂಜ್‌ನಲ್ಲಿ ಡಬ್ಬಿ ನೆರಳಲ್ಲಿರಲಿ. ಬಿಸಿಯಾದ ಚೇಂಬರ್‌ನಲ್ಲಿ ಗುಂಡು ಹಾಕಿ ಗಾಳಿಗಾಗಿ ಎರಡು ನಿಮಿಷ ಕಾಯಬೇಡಿ. ಆ ಗುಂಡಿನ ಜಿಡ್ಡು ಮೆತ್ತಗಾಗಿ, ಅದೊಂದೇ ಬೇರೆ ಕಡೆ ಹೋಗುತ್ತದೆ. ಕಾಯುವುದಿದ್ದರೆ ಬೋಲ್ಟ್ ತೆರೆದು, ಗುಂಡು ಹೊರಗೆ ತೆಗೆದು ಕಾಯಿರಿ.

ಹಾಗಾದರೆ ಯಾರಿಗೆ ಯಾವುದು

ಎನ್‌ಸಿಸಿ ಕ್ಯಾಂಪ್‌ನಲ್ಲಿ .22 ರುಚಿ ನೋಡಿ ಈಗ ಕ್ಲಬ್ ಸೇರಿದವರು, ಏರ್ ರೈಫಲ್‌ನಿಂದ ಬಂದ ಮಕ್ಕಳು, ಮೊದಲ ವರ್ಷ ಪೂರ್ತಿ ಸ್ಟ್ಯಾಂಡರ್ಡ್ ಪ್ಲಸ್ ಅಥವಾ ಅದರ ಸಮದ್ದನ್ನೇ ಹೊಡೆಯಿರಿ. ಮ್ಯಾಚ್‌ಗೂ ಅದೇ. ಬೇರೆ ಬೇರೆ ಗುಂಡು ಬದಲಿಸಿ ಸೈಟ್ ಗೊಂದಲ ಮಾಡಿಕೊಳ್ಳುವುದಕ್ಕಿಂತ ಇದು ಲೇಸು.

ರಾಜ್ಯ ಮಟ್ಟದವರು ಅಭ್ಯಾಸಕ್ಕೆ ಎಸ್‌ಕೆ, ಮ್ಯಾಚ್‌ಗೆ ಪರೀಕ್ಷಿಸಿದ ಸೆಂಟರ್-ಎಕ್ಸ್ ಲಾಟ್ ಇಟ್ಟುಕೊಳ್ಳಿ. ಎರಡೂ ಒಂದೇ ಕಾರ್ಖಾನೆಯವು. ಜಿಡ್ಡಿನ ಸ್ವಭಾವ ಹತ್ತಿರ ಹತ್ತಿರ ಇರುವುದರಿಂದ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬ್ಯಾರೆಲ್ ಬೇಗ ಒಗ್ಗುತ್ತದೆ. ತ್ರೀ ಪೊಸಿಷನ್‌ನವರಿಗೆ ಇನ್ನೊಂದು ಮಾತು. ಸ್ಟ್ಯಾಂಡಿಂಗ್‌ನಲ್ಲಿ ನಿಮ್ಮ ಹರಡುವಿಕೆ ಪ್ರೋನ್‌ಗಿಂತ ತುಂಬಾ ಜಾಸ್ತಿ. ಅಲ್ಲಿ ದುಬಾರಿ ಗುಂಡಿನ ಲಾಭ ಕಡಿಮೆ. ಆದರೂ ಮ್ಯಾಚ್‌ನ ಮಧ್ಯೆ ಗುಂಡು ಬದಲಿಸಬೇಡಿ. ಅಭ್ಯಾಸದಲ್ಲಿ ಸ್ಟ್ಯಾಂಡಿಂಗ್‌ನ್ನೆಲ್ಲ ಅಗ್ಗದ್ದರಲ್ಲಿ ಮುಗಿಸಿ, ಒಳ್ಳೆಯದನ್ನು ಉಳಿಸಿ.

ರಾಷ್ಟ್ರೀಯ ಮಟ್ಟದಲ್ಲಿ ತಂಡದ ಆಯ್ಕೆಗೆ ನಿಂತವರು ಟೆನೆಕ್ಸ್, ಮೈಡಾಸ್ ಪ್ಲಸ್, ಎಕ್ಸ್-ಆಕ್ಟ್, ಆರ್ 50 ನಾಲ್ಕರ ಕನಿಷ್ಠ ಎರಡೆರಡು ಲಾಟ್ ನೋಡಲೇಬೇಕು. ನಿಮ್ಮ ಮಟ್ಟದಲ್ಲಿ 0.8 ಮಿ.ಮೀ.ಗೂ ಬೆಲೆ ಇದೆ.

ಆ ತಂದೆ ಚೀಟಿಯಲ್ಲಿದ್ದ ಒಂಬತ್ತರಲ್ಲಿ ಏಳನ್ನು ಅಲ್ಲೇ ಪೆನ್ನಿನಿಂದ ಹೊಡೆದುಹಾಕಿದರು. ಸ್ಟ್ಯಾಂಡರ್ಡ್ ಪ್ಲಸ್ ಮೂರು ಸಾವಿರ, ಸೆಂಟರ್-ಎಕ್ಸ್ ಎರಡು ಲಾಟ್‌ನಿಂದ ಒಂದೊಂದು ಡಬ್ಬಿ. ಹೊರಡುವ ಮುಂಚೆ ಪರ್ಸ್ ತೆಗೆದು ಚಿಲ್ಲರೆಯಲ್ಲಿ ಹುಡುಕಿ, ಒಂದು ರೂಪಾಯಿ ನಾಣ್ಯ ನನ್ನ ಮುಂದೆ ಹಿಡಿದು, "ಇದೇ ತಾನೇ?" ಅಂತ ಕೇಳಿದರು. ಅದು ಹೊಸದು, ಚಿಕ್ಕದು. ನನ್ನ ಕಿಟ್‌ನ ಹಳೆಯ ನಾಣ್ಯವನ್ನು ಅವರ ಮಗಳ ಕೈಗೆ ಕೊಟ್ಟೆ.